ಗೂಬೆ ನಾಣ್ಯದ ಲೆಕ್ಕ: ಐದನೇ ತಿಂಗಳು

ನನ್ನ ಹತ್ತಿರ ಇರುವ ಆರು ಹಳೇ ಗ್ರೀಕ್ ನಾಣ್ಯಗಳಿಗೆ ನಾನೇ ದರ್ಜೆ ಕೊಟ್ಟು, ಬೆಲೆ ಕಟ್ಟಿ, ಆಮೇಲೆ ಹರಾಜಿನ ಬೆಲೆ ಜೊತೆ ಹೋಲಿಸಿ ನೋಡುವುದು ಅಂತ ಹೊರಟಿದ್ದೆನಲ್ಲ, ಅದರಲ್ಲಿ ನಾಲ್ಕು ಮುಗಿದವು. ಉಳಿದದ್ದು ಅಥೆನ್ಸ್‌ನ ಎರಡು ಗೂಬೆಗಳು. ಈ ತಿಂಗಳನ್ನು ಪೂರ್ತಿ ಅವೇ ನುಂಗಿದವು.

ಗೊತ್ತಿಲ್ಲದವರಿಗೆ: ಇದು ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮಾದ ಬೆಳ್ಳಿ ನಾಣ್ಯ. ತೂಕ ಸುಮಾರು 17.2 ಗ್ರಾಂ ಇರಬೇಕು. ಒಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ, ಇನ್ನೊಂದು ಕಡೆ ಗೂಬೆ, ಆಲಿವ್ ಚಿಗುರು, ಪುಟ್ಟ ಚಂದ್ರ. ನನ್ನವೆರಡೂ ಕ್ರಿ.ಪೂ. 5ನೇ ಶತಮಾನದ ಕೊನೆಯ ಮಾದರಿ. ಮೊದಲನೆಯದು ನೋಡಲು ಬಲು ಚೆಂದ. ಎರಡನೆಯದರಲ್ಲಿ ಗೂಬೆಯ ತಲೆ ಮೇಲೆ ಯಾರೋ ಉಳಿ ಇಟ್ಟು ಹೊಡೆದಿದ್ದಾರೆ, ಬಾಯಿ ಬಿಟ್ಟ ಹಾಗೆ ಸೀಳಿದೆ.

ಮೊದಲ ತಪ್ಪು ದರ್ಜೆಯಲ್ಲೇ ಆಯಿತು. ಸೀಳಿದ ಗೂಬೆಯ ಎದೆಯ ಪುಕ್ಕ ಕಾಣುತ್ತಿರಲಿಲ್ಲ, ಸವೆದಿದೆ ಅಂದುಕೊಂಡು ಬರೀ 'ವೆರಿ ಫೈನ್' ಅಂತ ಬರೆದೆ. ಮಾರನೇ ದಿನ ದೀಪವನ್ನು ಪಕ್ಕಕ್ಕೆ ಓರೆಯಾಗಿ ಇಟ್ಟು, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದರೆ ಎದೆ ನುಣುಪಾಗಿಲ್ಲ, ತರಿತರಿಯಾಗಿದೆ. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಉಬ್ಬಿದ ಜಾಗ ಚಪ್ಪಟೆಯಾಗಿ ನುಣ್ಣಗಿರುತ್ತದೆ. ಇಲ್ಲಿ ಸುತ್ತಿಗೆ ಏಟು ಸರಿಯಾಗಿ ಬೀಳದೆ ಬೆಳ್ಳಿ ಅಚ್ಚಿನ ಆಳಕ್ಕೆ ಇಳಿದೇ ಇಲ್ಲ. ಎಲ್ಲ ಕೈಯಲ್ಲಿ ಹೊಡೆದದ್ದು ಅಲ್ವಾ, ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿ ಬಿಲ್ಲೆ. ಅದಕ್ಕೇ ನಾಣ್ಯಗಳಿಗೆ ದರ್ಜೆ ಕೊಡುವ ಕಂಪನಿ ಎನ್‌ಜಿಸಿಯವರು ಸವೆತಕ್ಕೆ ಒಂದು ದರ್ಜೆ ಕೊಟ್ಟು, ಅಚ್ಚೊತ್ತಿದ ರೀತಿಗೆ ಐದಕ್ಕೆ ಇಷ್ಟು, ಮೇಲ್ಮೈಗೆ ಐದಕ್ಕೆ ಇಷ್ಟು ಅಂತ ಬೇರೆ ಬೇರೆ ಅಂಕ ಕೊಡುವುದು. ಹೊಸ ಲೆಕ್ಕ: ಸವೆತ ನೋಡಿದರೆ 'ವೆರಿ ಫೈನ್'ಗಿಂತ ಒಂದು ಮೆಟ್ಟಿಲು ಮೇಲಿನ 'ಎಕ್ಸ್‌ಎಫ್', ಅಚ್ಚಿಗೆ 3, ಮೇಲ್ಮೈಗೆ 2. ಉಳಿ ಏಟು ಮೇಲ್ಮೈ ಅಂಕವನ್ನು ತಿಂದಿತು.

ಚೆಂದದ್ದಕ್ಕೆ 'ಎಕ್ಸ್‌ಎಫ್', 4, 4 ಅಂತ ಖುಷಿಯಾಗಿ ಬರೆದು, ತೂಕ ಹಾಕಿದೆ. 15.02 ಗ್ರಾಂ.

ಕೊಂಡಾಗ ಚೀಟಿಯಲ್ಲಿ ತೂಕ ಇರಲಿಲ್ಲ, ನಾನೂ ಕೇಳಿರಲಿಲ್ಲ. ದಡ್ಡತನ ನನ್ನದೇ. ಎರಡನ್ನೂ ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟು ಮತ್ತೆ ತೂಗಿದೆ. ನೀರಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಸೀಳಿದ್ದು 17.08 ಗ್ರಾಂ, ಇಳಿದದ್ದು 1.64, ಅಂದರೆ 10.4. ಬೆಳ್ಳಿ 10.5, ಹಾಗಾಗಿ ಚಿಂತೆಯಿಲ್ಲ. ಚೆಂದದ್ದರಲ್ಲಿ ಇಳಿದದ್ದು 1.63, ಬಂದದ್ದು 9.2. ತಾಮ್ರ 8.96. ಮೂರು ಸಲ ಮಾಡಿದರೂ ಅದೇ. ಆಮೇಲೆ ಅಂಚಲ್ಲಿ ಒಂದು ಸಣ್ಣ ಬಿರುಕು, ಅದರೊಳಗೆ ಹಸಿರು ಕಿಲುಬು ಕಂಡಿತು. ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಕೆ. ಇಂಥದ್ದಕ್ಕೆ ಫೂರೆ ಅನ್ನುತ್ತಾರೆ.

ಇದು ಈಗಿನ ನಕಲೇ ಆಗಬೇಕಿಲ್ಲ. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸ್ ಹತ್ತಿರದ ಡೆಕೆಲಿಯಾದಲ್ಲಿ ಬಂದು ಕೂತ ಮೇಲೆ ಅಥೆನ್ಸಿನವರ ಲಾರಿಯಂ ಬೆಳ್ಳಿ ಗಣಿಯ ಕೆಲಸ ನಿಂತುಹೋಗಿ, 406ರ ಸುಮಾರಿಗೆ ಅಥೆನ್ಸ್ ತಾನೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ನಾಣ್ಯ ಹೊಡೆಸಿತ್ತು. ಕಳ್ಳ ಅಚ್ಚಿನವರೂ ಹೊಡೆಯುತ್ತಿದ್ದರು. ಕ್ರಿ.ಪೂ. 375ರ ಹೊತ್ತಿಗೆ ಒಂದು ಕಾನೂನೇ ಬಂತು, ಅದನ್ನು ಕೆತ್ತಿದ ಕಲ್ಲು 1970ರಲ್ಲಿ ಅಥೆನ್ಸ್‌ನ ಅಗೋರಾದಲ್ಲಿ ಸಿಕ್ಕಿದೆ. ಹಣ ಬದಲಿಸುವವರ ಮೇಜುಗಳ ನಡುವೆ ಒಬ್ಬ ಸರ್ಕಾರಿ ಗುಲಾಮ ಕೂತು ನಾಣ್ಯ ಪರೀಕ್ಷೆ ಮಾಡಬೇಕು. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಿ, 'ದೇವತೆಗಳ ತಾಯಿ' ಅನ್ನುವ ದೇವಿಯ ಸೊತ್ತಾಗಿ ಸೇರಿಸಬೇಕು. ಕೆಲಸ ತಪ್ಪಿಸಿದರೆ ಅವನಿಗೇ 50 ಛಡಿ ಏಟು. ನಾನು ಬೆಚ್ಚಗೆ ಕೂತು ಮಾಡುವ ಕೆಲಸವನ್ನೇ ಆ ಮನುಷ್ಯ ಬೆನ್ನು ಒಡ್ಡಿಕೊಂಡು ಮಾಡಿದ್ದಾನೆ.

ಇನ್ನು ಬೆಲೆ. ಸೀಳಿದ್ದನ್ನು ಹರಾಜಿನಲ್ಲಿ 300 ಯೂರೋಗೆ ಕೂಗಿದ್ದೆ. ಹರಾಜಿನವರ ಕಮಿಷನ್ 20%, ಮೇಲೆ ಅಂಚೆ ಖರ್ಚು, ಕೈಬಿಟ್ಟದ್ದು 375. ಹೊಸಬರು ಇದನ್ನು ಮರೆತು ಕೂಗಿದ ಬೆಲೆಯನ್ನೇ ಬೆಲೆ ಅಂದುಕೊಳ್ಳುತ್ತಾರೆ. ಈ ಥರದ ಉಳಿ ಏಟು ಹೆಚ್ಚಾಗಿ ಈಜಿಪ್ಟ್, ಸಿರಿಯಾ ಕಡೆ ಬಿದ್ದದ್ದು, ಅಲ್ಲಿ ಬೆಳ್ಳಿಯನ್ನು ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು, ಒಳಗೂ ಬೆಳ್ಳಿಯೇ ಇದೆಯಾ ಅಂತ ಸೀಳಿ ನೋಡುತ್ತಿದ್ದರು. ಸಂಗ್ರಹಕಾರರಿಗೆ ಏಟು ಅಂದರೆ ಮುಖ ಸಿಂಡರಿಸುವುದೇ, ಬೆಲೆ ಬಿದ್ದೇ ಬೀಳುತ್ತದೆ. ನನಗಂತೂ ಈಗ ಇದೇ ಹೆಚ್ಚು ಇಷ್ಟ.

ಚೆಂದದ್ದಕ್ಕೆ 700 ಕೊಟ್ಟಿದ್ದೆ. ಮಾರಿದವನಿಗೆ ತೂಕ, ಸಾಂದ್ರತೆ, ಬಿರುಕಿನ ಫೋಟೋ ಎಲ್ಲ ಕಳಿಸಿದೆ. ದುಡ್ಡು ವಾಪಸ್ ಕೊಡುತ್ತೇನೆ, ನಾಣ್ಯ ಕಳಿಸಿ ಅಂದ. ಮತ್ತೆ ಇದನ್ನೇ ತೂಕ ಬರೆಯದೆ ಇನ್ನೊಬ್ಬರಿಗೆ ಮಾರುತ್ತಾನೇನೋ ಅಂತ ಅನುಮಾನ. ಹಾಗಾಗಿ 15.02 ಅಂತ ದೊಡ್ಡದಾಗಿ ಬರೆದ ಚೀಟಿ ಜೊತೆಗೆ ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಸೋಮವಾರ ಅಂಚೆಗೆ.