ಲೆನ್ಸ್ ಕೊನೆಯದಾಗಿ ಯಾವಾಗ ತೆಗೆದಿರಿ?

ಕಣ್ಣಿನ ಆಸ್ಪತ್ರೆಯೊಂದರಲ್ಲಿ ಆಪ್ಟೊಮೆಟ್ರಿಸ್ಟ್ ಆಗಿರುವ ನನ್ನ ದಿನದ ಬಹುಪಾಲು ಸ್ಕ್ಯಾನ್ ಕೋಣೆಯ ಕತ್ತಲಲ್ಲಿ ಕಳೆಯುತ್ತದೆ. ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಗೆ ಬಂದವರ ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು, ಮೊದಲು ಅಳೆಯಬೇಕು. ನಮ್ಮ ಯಂತ್ರದಲ್ಲಿ ನೀಲಿ ಬೆಳಕಿನ ಸೀಳೂ ಕ್ಯಾಮೆರಾವೂ ಒಟ್ಟಿಗೆ ತಿರುಗುತ್ತವೆ. ಎರಡು ಸೆಕೆಂಡಿನೊಳಗೆ ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ದಪ್ಪ ಎಲ್ಲವೂ ಬಣ್ಣದ ನಕ್ಷೆಯಾಗಿ ತೆರೆಯ ಮೇಲೆ ಬರುತ್ತವೆ. ಕಣ್ಣಿಗೆ ಏನೂ ತಾಗುವುದಿಲ್ಲ. ಹಾಗೆಂದು ಮೊದಲೇ ಹೇಳದಿದ್ದರೆ ಅನೇಕರು ಹೆದರಿ ತಲೆ ಹಿಂದಕ್ಕೆಳೆದುಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಯುವತಿ ತಾಯಿಯೊಂದಿಗೆ ಬಂದಿದ್ದರು. ಸ್ಕ್ಯಾನ್‌ಗೆ ಮುಂಚೆ ರೂಢಿಯಂತೆ ಕೇಳಿದೆ: "ಲೆನ್ಸ್ ಹಾಕಿದ್ದೀರಾ?" "ಇಲ್ಲ" ಎಂದರು. ನಕ್ಷೆಯಲ್ಲಿ ಎರಡೂ ಕಣ್ಣುಗಳ ಕೆಳಭಾಗ ಕೆಂಪಾಗಿತ್ತು, ಅಂದರೆ ಕಡಿದಾಗಿತ್ತು; ಮೇಲ್ಭಾಗ ಚಪ್ಪಟೆ. ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ನಕ್ಷೆ ಹೀಗೆ ಕಾಣುತ್ತದೆ; ಅದರಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಅಂಥ ಕಣ್ಣಿಗೆ ಲೇಸರ್ ಹಾಯಿಸಿದರೆ ಇನ್ನಷ್ಟು ಉಬ್ಬುವ ಅಪಾಯವಿದೆ. ವೈದ್ಯರು ನಾನು ಕೊಟ್ಟ ನಕ್ಷೆಯನ್ನು ನಂಬಿ, ಈ ಕಾಯಿಲೆಯ ಅನುಮಾನವಿದೆ, ಲೇಸರ್ ಬೇಡ ಎಂದರು. ತಾಯಿ ನನ್ನ ಕೈ ಹಿಡಿದು, "ಮುಂದೆ ಕಣ್ಣು ಹೋಗಿಬಿಡುತ್ತದೆಯೇ?" ಎಂದು ಕೇಳಿದರು.

ಹೊರಡುವಾಗ ಯುವತಿಯ ಚೀಲದಿಂದ ಲೆನ್ಸ್ ಡಬ್ಬಿ ಕೆಳಗೆ ಬಿತ್ತು. ಪಿಯುಸಿಯಿಂದಲೂ ಸೆಮಿ-ಸಾಫ್ಟ್ ಲೆನ್ಸ್ ಹಾಕುತ್ತಿದ್ದಾರೆ, ಆ ಬೆಳಿಗ್ಗೆ ಬಸ್ ಹತ್ತುವ ಮುಂಚೆ ತೆಗೆದಿದ್ದಾರೆ. ಅವರು ಸುಳ್ಳು ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಕಣ್ಣಿನಲ್ಲಿ ಲೆನ್ಸ್ ಇರಲಿಲ್ಲ, ನಾನು ಕೇಳಿದ್ದೂ ಅಷ್ಟನ್ನೇ.

ಸೆಮಿ-ಸಾಫ್ಟ್ ಎಂಬ ಹೆಸರಿದ್ದರೂ ಆ ಲೆನ್ಸ್ ಗಟ್ಟಿಯೇ. ಮೇಲಿನ ರೆಪ್ಪೆ ಅದನ್ನು ಎತ್ತಿ ಹಿಡಿದರೆ ಕಾರ್ನಿಯಾದ ಮೇಲ್ಭಾಗ ದಿನವಿಡೀ ಒತ್ತಿಸಿಕೊಂಡು ಚಪ್ಪಟೆಯಾಗುತ್ತದೆ, ಕೆಳಭಾಗ ಕಡಿದಾಗುತ್ತದೆ. ನಕ್ಷೆಯಲ್ಲಿ ಅದು ಥೇಟ್ ಕೆರಟೋಕೋನಸ್‌ನಂತೆಯೇ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಅದೇ ಹಾಳೆಯಲ್ಲಿ ಸುಳಿವುಗಳಿದ್ದವು. ಕೆರಟೋಕೋನಸ್‌ನಲ್ಲಿ ಕಾರ್ನಿಯಾದ ಹಿಂದಿನ ಮೈ ಸಾಮಾನ್ಯವಾಗಿ ಬೇಗನೆ ಕೆಡುತ್ತದೆ. ಇವರದು ನಯವಾಗಿತ್ತು. ಅತ್ಯಂತ ತೆಳುವಾದ ಬಿಂದುವೂ ನಡುವಿನಿಂದ ದೂರ ಸರಿದಿರಲಿಲ್ಲ. ನನ್ನ ಕಣ್ಣು ಕೆಂಪು ಬಣ್ಣದಲ್ಲೇ ನಿಂತುಬಿಟ್ಟಿತ್ತು. ಅಲ್ಲಿಂದೀಚೆಗೆ ನಾನು ಹಾಳೆಯನ್ನು ಹಿಂದಿನ ಮೈಯಿಂದ ಓದಲು ಶುರುಮಾಡುತ್ತೇನೆ. ಅನುಮಾನವಿದ್ದರೆ ಓಸಿಟಿಯಲ್ಲಿ, ಅಂದರೆ ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ಸ್ಕ್ಯಾನ್‌ನಲ್ಲಿ, ಕಾರ್ನಿಯಾದ ಎಪಿಥೀಲಿಯಂ ದಪ್ಪವನ್ನೂ ನೋಡುತ್ತೇವೆ. ಸುಮಾರು 50 ಮೈಕ್ರಾನ್ ದಪ್ಪದ ಈ ಮೇಲ್ಪದರ, ಕಾಯಿಲೆಯಿಂದ ಎದ್ದ ಶಂಕುವಿನ ತುದಿಯಲ್ಲಿ ತೆಳುವಾಗಿರುತ್ತದೆ. ಲೆನ್ಸ್‌ನ ಒತ್ತಡದಿಂದ ಕಡಿದಾದ ಜಾಗದಲ್ಲಿ ಸಾಮಾನ್ಯವಾಗಿ ಹಾಗೆ ತೆಳುವಾಗಿರುವುದಿಲ್ಲ.

ಅಂದು ಲೆನ್ಸ್ ವಿಷಯವನ್ನು ವೈದ್ಯರಿಗೆ ಕೂಡಲೇ ತಿಳಿಸಿದೆ. ಅವರು ತಾಯಿ ಮಗಳನ್ನು ಮತ್ತೆ ಕೂರಿಸಿ, ತೀರ್ಪು ಇನ್ನೂ ಆಗಿಲ್ಲವೆಂದು ವಿವರಿಸಿದರು. ಲೆನ್ಸ್ ಪೂರ್ತಿ ಬಿಡಿಸಿದೆವು. ಮೂರು ವಾರಗಳ ನಂತರ ಕೆಂಪು ಬಹುತೇಕ ಕರಗಿತ್ತು. ಇನ್ನೆರಡು ವಾರ ಕಾದು ಮತ್ತೊಮ್ಮೆ ತೆಗೆದ ನಕ್ಷೆ ಹಿಂದಿನದರೊಂದಿಗೆ ಹೊಂದಿತು. ಎರಡು ನಕ್ಷೆಗಳು ಹೊಂದದೆ ಯಾವ ತೀರ್ಮಾನವನ್ನೂ ಹೇಳಬಾರದೆಂಬುದು ಈಗ ನಮ್ಮ ವಿಭಾಗದ ಪದ್ಧತಿ. ಆದರೆ ಆ ತಾಯಿ ಅಷ್ಟು ದಿನವೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅದನ್ನು ನನಗೆ ಅವರೇ ಹೇಳಿದರು, ಕೋಪವಿಲ್ಲದೆ.

ಈಗ ನಾನು "ಹಾಕಿದ್ದೀರಾ?" ಎಂದು ಕೇಳುವುದಿಲ್ಲ. "ಯಾವತ್ತಾದರೂ ಲೆನ್ಸ್ ಬಳಸಿದ್ದೀರಾ, ಯಾವ ಬಗೆಯದು, ಕೊನೆಯದಾಗಿ ಯಾವಾಗ ತೆಗೆದಿರಿ?" ಎಂದು ಕೇಳಿ, ಉತ್ತರವನ್ನು ದಿನಾಂಕದೊಂದಿಗೆ ಹಾಳೆಯ ಮೇಲೆಯೇ ಬರೆಯುತ್ತೇನೆ. ಹೆಚ್ಚಿನವರು ಒಂದು ಕ್ಷಣ ಯೋಚಿಸುತ್ತಾರೆ. ಕೆಲವರು ಬೆರಳು ಮಡಚಿ ಎಣಿಸುತ್ತಾರೆ. "ನಿನ್ನೆ ರಾತ್ರಿ" ಎಂದವರಿಗೆ ಅಂದು ಸ್ಕ್ಯಾನ್ ಮಾಡದೆ, ಮತ್ತೆ ಯಾವಾಗ ಬರಬೇಕೆಂದು ಬರೆದುಕೊಟ್ಟು ಕಳಿಸುತ್ತೇನೆ.