ಸಾಲ್ಟೆಡ್ ಕ್ಯಾರಮೆಲ್ ಮ್ಯಾಕರಾನ್: ಕೆಲಸ ಎಲ್ಲಿಗೆ ಬಂತು

ಮ್ಯಾಕರಾನ್ ಎಂದರೆ ಮೊಟ್ಟೆಯ ಬಿಳಿ, ಬಾದಾಮಿ ಹಿಟ್ಟು, ಸಕ್ಕರೆಯಿಂದ ಮಾಡಿದ ಎರಡು ದುಂಡನೆಯ ಚಿಪ್ಪುಗಳ, ಅಂದರೆ ಶೆಲ್‌ಗಳ, ನಡುವೆ ಹೂರಣ ಇಟ್ಟ ಸಿಹಿ. ನನ್ನ ಶೆಲ್‌ಗಳು ಈಗ ಒಡೆಯದೆ ಏಳುತ್ತಿವೆ, ಹೂರಣದ ಕ್ಯಾರಮೆಲ್ ಹದಕ್ಕೆ ಬಂದಿದೆ. ತಕರಾರು ಉಳಿದಿರುವುದು ಇವೆರಡನ್ನೂ ಕೂಡಿಸಿದ ಮೇಲಿನದು. ಇಷ್ಟು ಸುತ್ತುಗಳ ನಂತರ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ: ಮ್ಯಾಕರಾನ್ ಎಂದರೆ ಸಕ್ಕರೆ, ಬಾದಾಮಿಗಿಂತ ಹೆಚ್ಚಾಗಿ ನೀರಿನ ಲೆಕ್ಕ. ನೀರು ಎಲ್ಲಿದೆ, ಎಷ್ಟಿದೆ, ಯಾವಾಗ ಹೊರಗೆ ಹೋಗುತ್ತದೆ ಎನ್ನುವುದು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಮೊದಲು ಶೆಲ್. ಸದ್ಯಕ್ಕೆ ನಿಂತಿರುವ ಅಳತೆ ಹೀಗಿದೆ: ಮೊಟ್ಟೆಯ ಬಿಳಿ 100 ಗ್ರಾಂ, ಸಣ್ಣ ಹರಳಿನ ಸಕ್ಕರೆ 100 ಗ್ರಾಂ, ಬಾದಾಮಿ ಹಿಟ್ಟು 125 ಗ್ರಾಂ, ಐಸಿಂಗ್ ಶುಗರ್ 125 ಗ್ರಾಂ. ಎಲ್ಲವೂ ತಕ್ಕಡಿಯಲ್ಲಿ ತೂಗಿದ್ದೇ ಆಗಬೇಕು. "ಮೂರು ಮೊಟ್ಟೆಯ ಬಿಳಿ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮೊಟ್ಟೆಯಿಂದ ಮೊಟ್ಟೆಗೆ ತೂಕ ಅಷ್ಟು ಬದಲಾಗುತ್ತದೆ. ಬಾದಾಮಿ ಹಿಟ್ಟು ಮನೆಯಲ್ಲೇ ಮಾಡುವುದಾದರೆ ಸಿಪ್ಪೆ ತೆಗೆದು, ಪೂರ್ತಿ ಒಣಗಿಸಿ, ಐಸಿಂಗ್ ಶುಗರ್ ಜೊತೆಗೇ ಮಿಕ್ಸಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಡುತ್ತದೆ, ಆ ಎಣ್ಣೆ ಮೊಟ್ಟೆಯ ಬಿಳಿಯ ನೊರೆಯನ್ನು ಕೆಡಿಸುತ್ತದೆ. ಜರಡಿ ಹಿಡಿಯುವುದು ಬೇಸರದ ಕೆಲಸ, ಆದರೂ ತಪ್ಪಿಸುವಂತಿಲ್ಲ.

ನೊರೆ ಮಾಡಲು ಮೂರು ದಾರಿಗಳಿವೆ. ಫ್ರೆಂಚ್ ವಿಧಾನದಲ್ಲಿ ಹಸಿ ಬಿಳಿಗೇ ಸಕ್ಕರೆ ಹಾಕುತ್ತಾ ಬೀಟ್ ಮಾಡುತ್ತಾರೆ. ಇಟಾಲಿಯನ್ ವಿಧಾನದಲ್ಲಿ ಸುಮಾರು 118 ಡಿಗ್ರಿಗೆ ಬಂದ ಸಕ್ಕರೆ ಪಾಕವನ್ನು ನೊರೆಗೆ ಸುರಿಯುತ್ತಾರೆ. ಸ್ವಿಸ್ ವಿಧಾನದಲ್ಲಿ ಬಿಳಿ ಮತ್ತು ಸಕ್ಕರೆಯನ್ನು ಕುದಿವ ನೀರಿನ ಹಬೆಯ ಮೇಲೆ ಬೆಚ್ಚಗೆ ಮಾಡಿ, ಆಮೇಲೆ ಬೀಟ್ ಮಾಡುತ್ತಾರೆ. ಇಟಾಲಿಯನ್ ನೊರೆಯೇ ಎಲ್ಲಕ್ಕಿಂತ ಗಟ್ಟಿ ಎನ್ನುತ್ತಾರೆ, ಸರಿಯೇ. ಆದರೆ ಇಷ್ಟು ಕಡಿಮೆ ಪ್ರಮಾಣದಲ್ಲಿ ಅರ್ಧ ಪಾಕ ಬಟ್ಟಲಿನ ಗೋಡೆಗೇ ಅಂಟಿ ಹೋಗುತ್ತದೆ. ನಾನು ಸ್ವಿಸ್‌ಗೆ ನಿಂತಿದ್ದೇನೆ. 50 ಡಿಗ್ರಿ ದಾಟುತ್ತಿದ್ದಂತೆ ಒಂದು ಹನಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ತರಿ ಸಿಗದಿದ್ದರೆ ಇಳಿಸುತ್ತೇನೆ. ಸಕ್ಕರೆ ಪೂರ್ತಿ ಕರಗಿರುವುದರಿಂದ ನೊರೆ ನಯವಾಗಿ ಬರುತ್ತದೆ, ಬೇಗ ಕುಸಿಯುವುದಿಲ್ಲ.

ಮ್ಯಾಕರೊನಾಜ್, ಅಂದರೆ ಹಿಟ್ಟನ್ನೂ ನೊರೆಯನ್ನೂ ಕಲಸುವ ಹಂತ, ಬರೆದು ತಿಳಿಸುವುದು ಕಷ್ಟ. ಬೇರೆ ಕೇಕುಗಳಲ್ಲಿ ಗಾಳಿ ಹೋಗದಂತೆ ಕಾಪಾಡುತ್ತೇವೆ, ಇಲ್ಲಿ ಬೇಕೆಂದೇ ಒಂದಷ್ಟು ಗಾಳಿ ತೆಗೆಯಬೇಕು. ಸ್ಪ್ಯಾಚುಲಾ ಎತ್ತಿದಾಗ ಹಿಟ್ಟು ತುಂಡಾಗದೆ ಪಟ್ಟಿಯಂತೆ ಇಳಿಯಬೇಕು, ಇಳಿದ ಗುರುತು ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ಸುತ್ತಲಿನದರಲ್ಲಿ ಬೆರೆಯಬೇಕು. ಕಡಿಮೆ ಕಲಸಿದರೆ ಪೈಪ್ ಮಾಡಿದ, ಅಂದರೆ ಚೀಲದ ಮೂತಿಯಿಂದ ತಟ್ಟೆಗೆ ಹಿಂಡಿದ ಮೇಲೂ ತುದಿಯಲ್ಲಿ ಜುಟ್ಟು ನಿಲ್ಲುತ್ತದೆ. ಹೆಚ್ಚಾದರೆ ತಟ್ಟೆಯ ಮೇಲೆ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಜುಟ್ಟು ನಿಂತರೆ ಒದ್ದೆ ಬೆರಳಿನಲ್ಲಿ ಒತ್ತಿಬಿಡಬಹುದು, ಹರಡಿದ್ದಕ್ಕೆ ಮದ್ದಿಲ್ಲ. ಹಾಗಾಗಿ ಇನ್ನೊಂದು ಸುತ್ತು ಬೇಕೋ ಬೇಡವೋ ಎಂಬ ಅನುಮಾನ ಬಂದಾಗ ನಾನು ಕೈ ನಿಲ್ಲಿಸುತ್ತೇನೆ.

ಮೂರೂವರೆ ಸೆಂಟಿಮೀಟರ್ ಅಗಲಕ್ಕೆ ಪೈಪ್ ಮಾಡಿ, ತಟ್ಟೆಯನ್ನು ಮೇಜಿಗೆ ಕುಟ್ಟಿ, ಗುಳ್ಳೆಗಳನ್ನು ಕಡ್ಡಿಯಿಂದ ಒಡೆದು ಒಣಗಲು ಬಿಡುತ್ತೇನೆ. ನೀರಿನ ಲೆಕ್ಕ ಚೆನ್ನಾಗಿ ಕಾಣುವುದು ಇಲ್ಲೇ. ಮೇಲ್ಮೈ ಒಣಗಿ ತೆಳುವಾದ ಪೊರೆ ಕಟ್ಟಬೇಕು. ಓವನ್‌ನ ಶಾಖಕ್ಕೆ ಒಳಗಿನ ನೀರು ಆವಿಯಾಗಿ ಮೇಲೆ ನುಗ್ಗಿದಾಗ, ಆ ಪೊರೆ ದಾರಿ ಬಿಡದಿದ್ದರೆ ಆವಿ ಬುಡದ ಅಂಚಿನಿಂದ ಹೊರಬೀಳುತ್ತದೆ. ಮ್ಯಾಕರಾನ್‌ನ ಗುರುತಾದ ಆ ಸುಕ್ಕು ಸುಕ್ಕು ಬುಡದ ಅಂಚು, ಅಂದರೆ ಫೀಟ್, ಹುಟ್ಟುವುದು ಹಾಗೆ. ಪೊರೆ ಕಟ್ಟಿರದಿದ್ದರೆ ನೆತ್ತಿಯೇ ಬಿರಿಯುತ್ತದೆ. ಅರ್ಧ ಗಂಟೆ ಒಣಗಿಸಿ ಎಂದು ಪಾಕವಿಧಾನಗಳು ಹೇಳುತ್ತವೆ, ಆದರೆ ಇದು ಗಡಿಯಾರ ನೋಡಿ ಮಾಡುವ ಕೆಲಸವಲ್ಲ. ಮೋಡ ಮುಚ್ಚಿದ ದಿನ ಒಂದು ಗಂಟೆಯಾದರೂ ಬೆರಳಿಗೆ ಅಂಟುತ್ತಲೇ ಇರುತ್ತದೆ. ಅಂಥ ದಿನ ಫ್ಯಾನ್ ಕೆಳಗಿಟ್ಟರೆ ಕೆಲಸ ಆಗುತ್ತದೆ.

ಓವನ್ 150 ಡಿಗ್ರಿ, ಹದಿನೈದು ನಿಮಿಷದ ಆಸುಪಾಸು. ಗುಂಡಿಯ ಮೇಲಿನ ಅಂಕಿಯನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ಒಳಗೆ ತೂಗುಹಾಕುವ ಪುಟ್ಟ ಥರ್ಮಾಮೀಟರ್ ತಂದ ಮೇಲೆಯೇ ಒಂದೊಂದು ತಟ್ಟೆ ಒಂದೊಂದು ಥರ ಬರುವುದು ನಿಂತಿತು. ಶೆಲ್‌ನ ನೆತ್ತಿಯನ್ನು ಮೆಲ್ಲಗೆ ಅಲುಗಿಸಿದರೆ ಫೀಟ್ ಮೇಲೆ ಜಾರಾಡಬಾರದು. ಜಾರಿದರೆ ಇನ್ನೆರಡು ನಿಮಿಷ ಬೇಕು. ಒಳಗೆ ಹಸಿ ಉಳಿದಾಗಲೇ ತೆಗೆದರೆ ಆರುವಾಗ ತಿರುಳು ಕುಸಿದು ಮೇಲ್ಚಿಪ್ಪಿನ ಕೆಳಗೆ ಪೊಳ್ಳು ಬಿಡುತ್ತದೆ, ಕಾಗದದಿಂದ ಬಿಡಿಸುವಾಗ ಬುಡವೂ ಅಂಟಿಕೊಳ್ಳುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ಕ್ಯಾರಮೆಲ್‌ಗೆ ಹೊಂದುವ ಕಂದು ಬೇಕೆಂದರೆ ಜೆಲ್ ಅಥವಾ ಪುಡಿ. ದ್ರವ ಬಣ್ಣ ಎಂದರೆ ಮತ್ತೆ ನೀರು.

ಈಗ ಕ್ಯಾರಮೆಲ್. ಉಪ್ಪು ಬೆಣ್ಣೆಯ ಕ್ಯಾರಮೆಲ್ ಫ್ರಾನ್ಸಿನ ಬ್ರಿಟನಿಯದು. ಅಲ್ಲಿಯ ಕಿಬೆರಾನ್ ಊರಿನ ಹೆನ್ರಿ ಲ ರೂ 1977ರಲ್ಲಿ ಮಾಡಿದ ಮಿಠಾಯಿಯಿಂದ ಅದಕ್ಕೆ ಹೆಸರು ಬಂತು. ಬ್ರಿಟನಿಯಲ್ಲಿ ಬೆಣ್ಣೆ ಎಂದರೆ ಮೊದಲಿನಿಂದಲೂ ಉಪ್ಪು ಬೆಣ್ಣೆಯೇ, ಹಾಗಾಗಿ ಅವರಿಗೆ ಇದು ವಿಚಿತ್ರ ಜೋಡಿಯಾಗಿ ಕಂಡಿರಲಿಕ್ಕಿಲ್ಲ.

100 ಗ್ರಾಂ ಸಕ್ಕರೆಯನ್ನು ನೀರಿಲ್ಲದೆ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸುತ್ತೇನೆ. ನೀರು ಹಾಕಿ ಮಾಡುವ ವಿಧಾನದಲ್ಲಿ ಪಾತ್ರೆಯ ಅಂಚಿಗೆ ಸಿಡಿದ ಒಂದು ಹರಳು ಒಳಗೆ ಬಿದ್ದರೂ ಇಡೀ ಪಾಕ ಮತ್ತೆ ಹರಳುಗಟ್ಟಬಹುದು, ಅದನ್ನು ಕಾಯುತ್ತಾ ಕೂರುವ ತಾಳ್ಮೆ ನನಗಿಲ್ಲ. ಎಷ್ಟು ಕಪ್ಪಗೆ ಹೋಗಬೇಕು ಎನ್ನುವುದೇ ಇಲ್ಲಿಯ ಮುಖ್ಯ ತೀರ್ಮಾನ. ಶೆಲ್ ಹೇಗಿದ್ದರೂ ಬರೀ ಸಿಹಿ, ಆದ್ದರಿಂದ ಹೂರಣಕ್ಕೆ ಕೊಂಚ ಕಹಿ ಬೇಕೇ ಬೇಕು. ತಿಳಿ ಹೊನ್ನಿನ ಬಣ್ಣಕ್ಕೆ ನಿಲ್ಲಿಸಿದರೆ ಮ್ಯಾಕರಾನ್ ಸಿಹಿಯಿಂದ ಗಂಟಲು ಕಟ್ಟುತ್ತದೆ. ಗಾಢ ಕಂದಾಗಿ, ತೆಳುವಾದ ಹೊಗೆ ಕಾಣಿಸುವ ಹೊತ್ತಿಗೆ 20 ಗ್ರಾಂ ಬೆಣ್ಣೆ, ಆಮೇಲೆ ಬಿಸಿ ಮಾಡಿಟ್ಟ 110 ಗ್ರಾಂ ಕ್ರೀಮ್ ಹಾಕುತ್ತೇನೆ. ತಣ್ಣನೆಯ ಕ್ರೀಮ್ ಸುರಿದರೆ ಭಯಂಕರವಾಗಿ ಉಕ್ಕಿ ಸಿಡಿಯುತ್ತದೆ, ಸಕ್ಕರೆಯೂ ಗಂಟು ಕಟ್ಟುತ್ತದೆ.

ನಂತರ ಮತ್ತೆ ಒಲೆಯ ಮೇಲಿಟ್ಟು 108 ಡಿಗ್ರಿಗೆ ತರುತ್ತೇನೆ. ಈ ಅಂಕಿ ಶಾಖದ್ದು ಎನ್ನಿಸಿದರೂ ನಿಜಕ್ಕೂ ಅಳೆಯುವುದು ನೀರನ್ನು: ನೀರು ಆವಿಯಾದಷ್ಟೂ ಕುದಿಯುವ ಬಿಂದು ಏರುತ್ತದೆ. 104ಕ್ಕೆ ಇಳಿಸಿದ್ದು ಸಾಸ್ ಆಗಿ ಉಳಿಯಿತು. 115 ದಾಟಿದ್ದು ಫ್ರಿಜ್‌ನಲ್ಲಿ ಹಲ್ಲಿಗೆ ಅಂಟುವ ಮಿಠಾಯಿಯಾಯಿತು. ತಣ್ಣಗಾದ ಮೇಲೆ 90 ಗ್ರಾಂ ಮೆತ್ತಗಿನ ಬೆಣ್ಣೆಯೊಂದಿಗೆ ಬೀಟ್ ಮಾಡಿದರೆ ಪೈಪ್ ಮಾಡುವ ಹದ ಸಿಗುತ್ತದೆ. ಉಪ್ಪನ್ನು ಎರಡು ಕಂತಿನಲ್ಲಿ ಹಾಕುತ್ತೇನೆ. ಪುಡಿ ಉಪ್ಪು ಕರಗಿ ಕಹಿಯ ಮೊನೆ ತಗ್ಗಿಸುತ್ತದೆ, ಕೊನೆಗೆ ಸೇರಿಸುವ ಹಳಕು ಹಳಕಾದ ಸಮುದ್ರದ ಉಪ್ಪು ಅಲ್ಲಲ್ಲಿ ನಾಲಿಗೆಗೆ ಸಿಗುತ್ತದೆ.

ಜೋಡಿಸಿದ ದಿನವೇ ತಿಂದವರಿಗೆ ಮ್ಯಾಕರಾನ್ ಯಾಕಿಷ್ಟು ದೊಡ್ಡ ವಿಷಯ ಎಂದೇ ಅರ್ಥವಾಗುವುದಿಲ್ಲ. ಶೆಲ್ ಬಿರುಸಾಗಿರುತ್ತದೆ, ಹೂರಣ ಬೇರೆಯೇ ನಿಂತಿರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್‌ನಲ್ಲಿಟ್ಟರೆ ಹೂರಣದ ತೇವ ಶೆಲ್‌ಗೆ ಇಳಿದು ತಿರುಳು ಮೆತ್ತಗಾಗುತ್ತದೆ, ಹೊರಗಿನ ಚಿಪ್ಪು ಮಾತ್ರ ತೆಳುವಾಗಿ ಗರಿಗರಿಯಾಗಿ ಉಳಿಯುತ್ತದೆ. ಸಣ್ಣಪುಟ್ಟ ಪೊಳ್ಳುಗಳೂ ಅಷ್ಟರಲ್ಲಿ ಮುಚ್ಚಿಹೋಗುತ್ತವೆ.

ನಾನು ಸಿಕ್ಕಿಕೊಂಡಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಡುವೆ ಹರಿಯುವ ಕ್ಯಾರಮೆಲ್ ಇರಬೇಕೆಂಬ ಆಸೆಗೆ ಬೆಣ್ಣೆಯ ಹೂರಣದಿಂದ ಉಂಗುರ ಮಾಡಿ ಒಳಗೆ ಬರೀ ಕ್ಯಾರಮೆಲ್ ತುಂಬಿದೆ. ಮೊದಲ ದಿನ ಬಲು ಚೆನ್ನ, ಎರಡನೆಯ ದಿನಕ್ಕೆ ಬುಡದ ಶೆಲ್ ನಡುವಿನಲ್ಲಿ ನೆನೆದು ಮುದ್ದೆ. ಮುಂದಿನ ಸುತ್ತಿನಲ್ಲಿ ಅರ್ಧದಷ್ಟು ಮ್ಯಾಕರಾನ್‌ಗಳ ಬುಡದ ಶೆಲ್‌ಗೆ ಒಳಗಡೆಯಿಂದ ಕರಗಿಸಿದ ಬಿಳಿ ಚಾಕೊಲೇಟ್ ತೆಳುವಾಗಿ ಸವರಿ ನೋಡುವುದು, ಇನ್ನರ್ಧಕ್ಕೆ ಕ್ಯಾರಮೆಲ್ಲನ್ನೇ 111 ಡಿಗ್ರಿಯವರೆಗೆ ಬಿಗಿ ಮಾಡುವುದು. ಚಾಕೊಲೇಟ್ ಗೆದ್ದರೆ ಸಿಹಿ ಇನ್ನಷ್ಟು ಏರುತ್ತದೆ, ಆಗ ಸಕ್ಕರೆಯನ್ನು ಈಗಿನದಕ್ಕಿಂತ ಕಪ್ಪಗೆ ಒಯ್ಯಬೇಕಾಗುತ್ತದೆ.