ಆಫ್ರಿಕಾಕ್ಕೆ ಹೋಗ್ತೀನಿ ಅಂತ ಹೇಳಿ ಹೊರಟವಳು

1943ರಲ್ಲಿ ಲಂಡನ್ ಬಿಟ್ಟು ಹೊರಡುವಾಗ ನೂರ್ ಇನಾಯತ್ ಖಾನ್ ತನ್ನ ತಾಯಿಗೆ ಹೇಳಿದ್ದು ಆಫ್ರಿಕಾಕ್ಕೆ ಹೋಗ್ತಿದ್ದೀನಿ ಅಂತ. ನಿಜವಾಗಿ ಹೋಗಿದ್ದು ಫ್ರಾನ್ಸಿಗೆ. ಜರ್ಮನ್ನರ ಕೈಯಲ್ಲಿದ್ದ ಪ್ಯಾರಿಸ್‌ಗೆ, ಬ್ರಿಟಿಷರ ಗುಪ್ತ ಏಜೆಂಟ್ ಆಗಿ, ವೈರ್‌ಲೆಸ್ ಸೆಟ್ ನಡೆಸೋಕೆ. ಈ ಕೆಲಸಕ್ಕೆ ಅಲ್ಲಿಗೆ ಹೋದ ಮೊದಲ ಹೆಂಗಸು ಅವಳೇ. ಅವಳ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಜೈಲಲ್ಲ, ಗುಂಡೇಟಲ್ಲ, ಈ ಆಫ್ರಿಕಾದ ಸುಳ್ಳು.

ನಮ್ಮ ಶ್ರೀರಂಗಪಟ್ಟಣದ ಕಡೆ ನೂರ್ ಹೆಸರು ಬಂದರೆ ಟಿಪ್ಪು ಹೆಸರಿನ ಜೊತೆಗೇ ಬರೋದು. ಅವಳ ತಂದೆ ಹಜರತ್ ಇನಾಯತ್ ಖಾನ್ ಬರೋಡಾದ ಸಂಗೀತಗಾರರ ಮನೆಯವರು, ಸೂಫಿ ಗುರು. ಇನಾಯತ್ ಖಾನರ ತಾಯಿಯ ಕಡೆಯಿಂದ ತಾವು ಟಿಪ್ಪು ವಂಶದವರು ಅಂತ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಹಾಗಾಗಿ ಗುಂಬಜ್ ನೋಡೋಕೆ ಬರುವ ನೆಂಟರಿಗೆ ನಾನೂ ಅವಳ ಕಥೆ ಹೇಳ್ತೀನಿ. ಕೇಳಿದವರು ತಕ್ಷಣ "ಮತ್ತೆ ಟಿಪ್ಪು ರಕ್ತ ಅಲ್ವಾ" ಅಂತಾರೆ. ನನಗೆ ಆ ಮಾತು ಒಪ್ಪಿಗೆಯಾಗಲ್ಲ. ರಕ್ತದಲ್ಲೇ ಧೈರ್ಯ ಬಂದುಬಿಟ್ಟಿದ್ದರೆ ಅವಳಿಗೆ ಅಷ್ಟು ಸಂಕಟ ಯಾಕಾಗಬೇಕಿತ್ತು?

ಆ ಸಂಕಟ ಅರ್ಥವಾಗಬೇಕಾದರೆ ಮನೆಯ ಕಥೆ ಗೊತ್ತಿರಬೇಕು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಾಯಿ ಅಮೆರಿಕದವರು, ಓರಾ ರೇ ಬೇಕರ್. ಮದುವೆಯಾದ ಮೇಲೆ ಅಮೀನಾ ಬೇಗಂ ಆದರು. ಬೆಳೆದದ್ದು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ. ತಂದೆ ಭಾರತಕ್ಕೆ ಬಂದವರು 1927ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಆಗ ನೂರ್‌ಗೆ 13 ವರ್ಷ. ತಾಯಿ ದುಃಖದಲ್ಲಿ ಮುಳುಗಿ ಕೋಣೆ ಸೇರಿಬಿಟ್ಟರು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಜೊತೆಗೆ ತಾಯಿ, ಎಲ್ಲರನ್ನೂ ನೋಡಿಕೊಳ್ಳೋ ಹೊರೆ ಈ ಹಿರಿ ಮಗಳ ಮೇಲೆ ಬಿತ್ತು. ನಮ್ಮ ಕಡೆ ಇಂಥ ಮನೆಗಳು ಎಷ್ಟಿಲ್ಲ. ಅಪ್ಪ ಹೋದ ಮನೆಯಲ್ಲಿ ದೊಡ್ಡ ಮಗಳು ರಾತ್ರಿ ಬೆಳಗಾಗೋದರಲ್ಲಿ ತಾಯಿಗೇ ತಾಯಿ ಆಗಿಬಿಡ್ತಾಳೆ. ಆಮೇಲೆ ಅವಳು ಎಲ್ಲಿಗೆ ಹೋದರೂ ಮನಸ್ಸು ಅರ್ಧ ಮನೆಯಲ್ಲೇ.

ಅವಳು ಗೂಢಚಾರಿಕೆಗೆ ಹೇಳಿ ಮಾಡಿಸಿದವಳೂ ಅಲ್ಲ. ವೀಣೆಯಂಥ ಹಾರ್ಪ್ ನುಡಿಸ್ತಿದ್ದಳು, ಮಕ್ಕಳ ಮನಶ್ಶಾಸ್ತ್ರ ಓದಿದ್ದಳು, ಬುದ್ಧನ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಆ ಪುಸ್ತಕ 1939ರಲ್ಲಿ ಲಂಡನ್‌ನಲ್ಲಿ ಬಂತು. ಮರುವರ್ಷ ಜರ್ಮನ್ನರು ಫ್ರಾನ್ಸಿಗೆ ನುಗ್ಗಿದಾಗ ಮನೆಯವರೊಂದಿಗೆ ಇಂಗ್ಲೆಂಡಿಗೆ ಬಂದು, ನವೆಂಬರ್‌ನಲ್ಲಿ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. ಫ್ರೆಂಚ್ ನೀರು ಕುಡಿದಷ್ಟು ಸಲೀಸು, ವೈರ್‌ಲೆಸ್ ಕೈಗೆ ಬಂದಿತ್ತು. ಗುಪ್ತ ಸಂಸ್ಥೆ ಎಸ್‌ಒಇಗೆ ಬೇಕಾಗಿದ್ದೂ ಅದೇ. ಸಂದರ್ಶನದಲ್ಲಿ ಒಪ್ಪಿಕೊಂಡಳು. ಆದರೆ ತಾಯಿಯನ್ನು ಬಿಟ್ಟು ಹೋಗೋ ಚಿಂತೆ ಅವಳಿಗೆ ಆಗಲೇ ಹತ್ತಿತ್ತು.

ತರಬೇತಿಯಲ್ಲಿ ಮೇಲಿನವರು ಅವಳ ಬಗ್ಗೆ ಏನೇನೋ ಬರೆದರು. ಬುದ್ಧಿ ಅಷ್ಟಕ್ಕಷ್ಟೇ, ಮನಸ್ಸು ಗಟ್ಟಿಯಿಲ್ಲ, ಈ ಕೆಲಸಕ್ಕೆ ಆಗೋದು ಅನುಮಾನ, ಹೀಗೆ. ಹೊರಡೋ ದಿನ ಹತ್ತಿರ ಬಂದಾಗ ಅವಳ ಮುಖ ಇನ್ನೂ ಬಾಡಿತು. ಜೊತೆಯಲ್ಲಿ ಕಲಿಯುತ್ತಿದ್ದ ಯೋಲಾಂಡ್ ಬೀಕ್‌ಮನ್ ಮತ್ತು ಸಿಸಿಲಿ ಲೆಫೋರ್ ಇಬ್ಬರೂ ಅಧಿಕಾರಿ ವೆರಾ ಅಟ್ಕಿನ್ಸ್‌ಗೆ ಕಾಗದ ಬರೆದು, ಇವಳನ್ನು ಕಳಿಸಬೇಡಿ ಅಂದರು. ವೆರಾ ಅವಳನ್ನು ಊಟಕ್ಕೆ ಕರೆದು ನೇರವಾಗಿ ಕೇಳಿದರು. ಬೇಡ ಅನ್ನಿಸಿದರೆ ಈಗಲೂ ಹಿಂದೆ ಸರಿಯಬಹುದು, ಯಾರೂ ಏನೂ ಅನ್ನಲ್ಲ ಅಂತ. ನೂರ್ ಬಾಯಲ್ಲಿ ಆಗ ಬಂತು ವಿಷಯ. ಹೋಗೋಕೆ ಭಯ ಇಲ್ಲ, ಅಮ್ಮನಿಗೆ ವಿದಾಯ ಹೇಳೋದೇ ಆಗ್ತಿಲ್ಲ. ಆಫ್ರಿಕಾ ಅಂತ ಹೇಳಲು ಸಲಹೆ ಕೊಟ್ಟಿದ್ದು ವೆರಾ ಅವರೇ. ಆ ಸುಳ್ಳನ್ನು ದಿನಾ ನಿಭಾಯಿಸೋದು ಅವಳಿಗೆ ಕ್ರೂರ ಅನ್ನಿಸಿತ್ತು.

ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ತಾಯಿಗೆ ಸುಳ್ಳು ಹೇಳಿದ್ದಕ್ಕೆ ಒಳಗೊಳಗೇ ಬೇಯುತ್ತಿದ್ದ ಹುಡುಗಿಯ ಮುಖ ನೋಡಿ, ಇವಳು ಪುಕ್ಕಲಿ ಅಂತ ಲೆಕ್ಕ ಹಾಕಿದರಲ್ಲ! ಪಾಪಪ್ರಜ್ಞೆ ಬೇರೆ, ಹೆದರಿಕೆ ಬೇರೆ. ಎರಡೂ ಮುಖದ ಮೇಲೆ ಒಂದೇ ಥರ ಕಾಣಬಹುದು, ಅಷ್ಟೇ.

ಅವ್ವನಿಗೆ ಒಂದು ಸಂಜೆ ಇದನ್ನೆಲ್ಲ ಹೇಳಿದೆ. ಅವ್ವ ಮೊರದಲ್ಲಿ ಅವರೆಕಾಳು ಆರಿಸುತ್ತಾ ಕೂತಿತ್ತು. ಜರ್ಮನಿ, ಯುದ್ಧ ಎಲ್ಲ ಸುಮ್ನೆ ಕೇಳಿಸಿಕೊಂಡು, ಆಫ್ರಿಕಾ ಅಂದ ತಕ್ಷಣ ಕೈ ನಿಲ್ಲಿಸಿತು. "ಅಲ್ಲ ಕಣವ್ವ, ಹೆತ್ತೋಳಿಗೆ ಗೊತ್ತಾಗಾಕಿಲ್ವಾ? ಗೊತ್ತಾಗಿರ್ತದೆ. ಮಗಳು ಹೊಂಟವ್ಳಲ್ಲ, ಕೇಳುದ್ರೆ ಅತ್ಬುಡ್ತಾಳೆ ಅಂತ ಕೇಳಿರಾಕಿಲ್ಲ." ಅಮೀನಾ ಬೇಗಂಗೆ ಹಾಗೆ ಗೊತ್ತಾಗಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಅವ್ವನ ಮಾತು ಕೇಳಿದ ಮೇಲೆ ಆ ವಿದಾಯದಲ್ಲಿ ಸಂಕಟಪಟ್ಟವರು ಇಬ್ಬರಿರಬಹುದು ಅಂತ ನನಗೆ ಹೊಳೆಯಿತು. ಅಲ್ಲಿಯವರೆಗೆ ನಾನು ಮಗಳನ್ನು ಮಾತ್ರ ನೋಡ್ತಿದ್ದೆ.

ನೂರ್ ವೆರಾ ಹತ್ತಿರ ಒಂದು ಮಾತು ತಗೊಂಡಿದ್ದಳು. ತಾನು ಕಾಣೆಯಾದರೆ ಅಮ್ಮನಿಗೆ ಹೇಳಬೇಡಿ. ಸತ್ತಿದ್ದೀನಿ ಅಂತ ಖಾತ್ರಿಯಾದರೆ ಮಾತ್ರ ಹೇಳಿ. ಜೂನ್ 16ರ ರಾತ್ರಿ ಟ್ಯಾಂಗ್‌ಮಿಯರ್ ವಿಮಾನನೆಲೆಯಿಂದ ಪುಟ್ಟ ಲೈಸ್ಯಾಂಡರ್ ವಿಮಾನ ಹತ್ತಬೇಕಿತ್ತು. ಕಳಿಸಿಕೊಡೋಕೆ ವೆರಾ ಬಂದಿದ್ದರು. ಅವರ ಕೋಟಿನ ಮೇಲೆ ಬೆಳ್ಳಿಯದೊಂದು ಹಕ್ಕಿ ಪಿನ್ ಇತ್ತು. ನೀವು ಯಾವಾಗಲೂ ಏನಾದರೂ ಚೆಂದದ್ದು ಹಾಕಿರ್ತೀರಿ ಅಂತ ನೂರ್ ಮೆಚ್ಚಿಕೊಂಡಳು. ವೆರಾ ಅದನ್ನು ಬಿಚ್ಚಿ ಅವಳ ಕೈಗಿಟ್ಟರು.

ಪ್ಯಾರಿಸ್‌ಗೆ ಹೋಗಿ ಎರಡು ವಾರವೂ ಆಗಿರಲಿಲ್ಲ, ಅವಳ ಗುಪ್ತ ಜಾಲದ ಬಹಳ ಜನರನ್ನು ಜರ್ಮನ್ನರು ಹಿಡಿದರು. ವಾಪಸ್ ಬಾ ಅಂತ ಲಂಡನ್ ಕರೆಯಿತು, ಅವಳು ಬರಲಿಲ್ಲ. ಉಳಿದ ಕೊನೇ ವೈರ್‌ಲೆಸ್ ಕೊಂಡಿ ತಾನೇ, ಬಿಟ್ಟು ಬರೋದು ಹೇಗೆ ಅಂತ. ಅಷ್ಟು ಸಂಕಟಪಟ್ಟು ತಾಯಿಯನ್ನು ಬಿಟ್ಟು ಬಂದವಳು ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಯಾವ ಮುಖ ಹೊತ್ತು ವಾಪಸ್ ಹೋಗ್ತಾಳೆ ಅಂತ ನನಗನ್ನಿಸುತ್ತೆ. ಇದು ನನ್ನ ಊಹೆ, ಆದರೆ ನಾನು ನಂಬೋದು ಹೀಗೇ. ಮೂರು ತಿಂಗಳಿಗೂ ಹೆಚ್ಚು ಕಾಲ ಸೆಟ್ ಹೊತ್ತುಕೊಂಡು ಜಾಗ ಬದಲಿಸುತ್ತಾ ಸಂದೇಶ ಕಳಿಸಿದಳು. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟರು.

ಎರಡು ಸಲ ತಪ್ಪಿಸಿಕೊಳ್ಳೋಕೆ ನೋಡಿದಳು. ಆಮೇಲೆ ಜರ್ಮನಿಯ ಫಾರ್ಟ್ಸ್‌ಹೈಮ್ ಜೈಲಿನಲ್ಲಿ ಕೈಕಾಲಿಗೆ ಸರಪಳಿ ಹಾಕಿ ಒಂಟಿ ಕೋಣೆಯಲ್ಲಿಟ್ಟರು. ಹತ್ತು ತಿಂಗಳು. 1944ರ ಸೆಪ್ಟೆಂಬರ್ 13ರಂದು ದಾಖೌ ಅನ್ನೋ ನಾಜಿಗಳ ಸೆರೆಶಿಬಿರದಲ್ಲಿ ಗುಂಡಿಕ್ಕಿದರು. ಅವತ್ತು ಜೊತೆಗೆ ಸತ್ತ ಮೂವರಲ್ಲಿ, ಇವಳನ್ನು ಕಳಿಸಬೇಡಿ ಅಂತ ಬರೆದಿದ್ದ ಯೋಲಾಂಡ್ ಕೂಡ ಇದ್ದಳು. ಇದನ್ನು ಬರೆಯುವಾಗಲೂ ಕೈ ತಡೆಯುತ್ತೆ.

ಆ ಜೈಲಿನ ಇನ್ನೊಂದು ವಿಷಯ ಹೇಳಲೇಬೇಕು. ಬೇರೆ ಕೋಣೆಗಳಲ್ಲಿದ್ದ ಹೆಂಗಸರ ಜೊತೆ ಮಾತಾಡೋಕೆ ಅವಳಿಗೆ ದಾರಿ ಇರಲಿಲ್ಲ. ಊಟಕ್ಕೆ ಬರುವ ಬಟ್ಟಲಿನ ತಳದಲ್ಲಿ ಗೀಚಿ ಸುದ್ದಿ ದಾಟಿಸ್ತಿದ್ದಳು. ಹಾಗೆ ಅವಳು ಕೊಟ್ಟ ಹೆಸರು ನೋರಾ ಬೇಕರ್. ಬೇಕರ್ ತಾಯಿಯ ತವರಿನ ಹೆಸರು. ಅದರ ಜೊತೆ ಕೊಟ್ಟಿದ್ದು ಲಂಡನ್‌ನಲ್ಲಿ ತಾಯಿ ಇದ್ದ ಮನೆಯ ವಿಳಾಸ.

ಎಷ್ಟೇ ಹಿಂಸೆ ಕೊಟ್ಟರೂ ಬಾಯಿ ಬಿಡದವಳು ಅಪರಿಚಿತ ಹೆಂಗಸಿಗೆ ಬಿಟ್ಟುಕೊಟ್ಟ ನಿಜ ಅದೊಂದೇ ಇರಬೇಕು. ಬ್ರಿಟಿಷ್ ಸರ್ಕಾರ 1949ರಲ್ಲಿ ಅವಳಿಗೆ ಜಾರ್ಜ್ ಕ್ರಾಸ್ ಅನ್ನೋ ಶೌರ್ಯ ಪದಕ ಕೊಟ್ಟಿತು, ಅಮೀನಾ ಬೇಗಂ ತೀರಿಕೊಂಡಿದ್ದೂ ಅದೇ ವರ್ಷ. ಲಂಡನ್‌ನ ಆ ಮನೆ, 4 ಟ್ಯಾವಿಟನ್ ಸ್ಟ್ರೀಟ್, ಅಲ್ಲಿ 2020ರಲ್ಲಿ ನೂರ್ ಹೆಸರಿನ ನೀಲಿ ಫಲಕ ಹಾಕಿದ್ದಾರೆ. ತಾಯಿಯ ಹೆಸರೂ ಅದರ ಪಕ್ಕ ಇರಬೇಕಿತ್ತು ಅನ್ನೋದು ನನ್ನಾಸೆ.